ಪೂಜೆಯ ಕೊನೆಯ ಪ್ರಕಟಣೆಗಳು

ಭಾನುವಾರದ ಪೂಜೆ ಮುಗಿಯಲು ಇನ್ನೂ ಹತ್ತು ನಿಮಿಷವಿದೆ ಎನ್ನುವಾಗಲೇ ಮೆಲ್ಲನೆ ಎದ್ದು ಹೊರಗೆ ಬಂದುಬಿಡುವ ಕೆಟ್ಟ ಅಭ್ಯಾಸ ನನಗೆ ಬಹು ವರ್ಷ ಇತ್ತು. ಸಂಜೆಯಾಗುವ ಮುನ್ನವೇ ಮೇಜಿನ ಡ್ರಾಯರಿಗೆ ಬೀಗ ಹಾಕಿ ಗಡಿಯಾರ ನೋಡುತ್ತ ಕೂರುವ ಸರ್ಕಾರಿ ಗುಮಾಸ್ತನಿಗೆ ಇದು ಹುಟ್ಟುಗುಣವೇ ಸರಿ ಎಂದು ವಾಚಕರು ನಗಬಹುದು. ನಕ್ಕರೆ ತಪ್ಪೇನಿಲ್ಲ, ಆದರೆ ಕಾರಣ ಅದಲ್ಲ. ಕಥೋಲಿಕ ಕ್ರೈಸ್ತರ ದೇವಾಲಯಗಳಲ್ಲಿ ಪರಮಪ್ರಸಾದವನ್ನು ಹಂಚಿಯಾದ ಮೇಲೆ, ಕಡೆಯ ಆಶೀರ್ವಾದಕ್ಕೆ ಮೊದಲು, ಗುರುಗಳು ಒಂದು ಕಾಗದವನ್ನು ಹಿಡಿದು ಆ ವಾರದ ಪ್ರಕಟಣೆಗಳನ್ನು ಓದುತ್ತಾರೆ. ಯಾರ ಮದುವೆ, ಯಾರ ಸಾವು, ಯಾವ ಬೀದಿಯಲ್ಲಿ ಯಾವ ದಿನ ಜಪ, ಯಾರು ಯಾವ ಲೆಕ್ಕವನ್ನು ಒಪ್ಪಿಸಬೇಕು — ಇವೇ. ಅದರಿಂದ ನನಗೇನಾಗಬೇಕು? ನಾನು ಆ ಊರಿನವನಲ್ಲ. ಆ ಮಾತೂ ನನ್ನದಲ್ಲ. ಬಾಡಿಗೆ ಮನೆಯವನಿಗೆ ಮಾಳಿಗೆ ಸೋರುವ ಚಿಂತೆ ಇರುವಷ್ಟೇ ಚಿಂತೆ ನನಗೆ ಆ ಧರ್ಮಕೇಂದ್ರದ ಮೇಲೆ ಇತ್ತು.

ಆ ಊರು ಎಂದರೆ ಚೆನ್ನೈಯ ಕಾಸಿಮೇಡು. ನಮ್ಮ ಸಂಘದ ಸದಸ್ಯರಲ್ಲಿ ಹೆಚ್ಚಿನವರು ತ್ಯಾಗರಾಯನಗರ, ಮೈಲಾಪುರದ ಕಡೆಯವರು. ಅವರಿಗೆ ಕಾಸಿಮೇಡು ಎಂದರೆ ಮೀನಿನ ಬಂದರು. ಮೀನು ತಿನ್ನುವವರು ಭಾನುವಾರ ಬೆಳಗಿನ ಜಾವ ಚೀಲ ಹಿಡಿದು ಬಂದು ಹೋಗುತ್ತಾರೆ, ತಿನ್ನದವರು ಹೆಸರು ಕೇಳಿದೊಡನೆ ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ಆದರೆ ಇದು ಹಿರಿಯ ಪ್ರದೇಶ. ನಮ್ಮ ಪಕ್ಕದ ರಾಯಪುರಂ ನಿಲ್ದಾಣದಿಂದಲೇ 1856ರ ಜುಲೈ 1ರಂದು ದಕ್ಷಿಣ ಭಾರತದ ಮೊದಲ ರೈಲು ಹೊರಟಿತು. ರೈಲಿಗಿಂತ ಮೊದಲೇ ಅಲ್ಲಿ ಸಂತ ಪೇತ್ರರ ದೇವಾಲಯವಿತ್ತು. ಮದರಾಸಿಗೆ ಬಂದರು ಕಟ್ಟೆ ಇಲ್ಲದ ಆ ಕಾಲದಲ್ಲಿ ಹಡಗಿನಿಂದ ಜನರನ್ನೂ ಸರಕನ್ನೂ ಅಲೆಗಳ ಮೇಲೆ ದಡಕ್ಕೆ ತರುತ್ತಿದ್ದ ದೋಣಿಯವರು ಕಟ್ಟಿಸಿದ ದೇವಾಲಯ ಅದು. ಪೇತ್ರನೂ ಬಲೆ ಬೀಸುತ್ತಿದ್ದವನಲ್ಲವೆ? ಅವನಿಗೆ ತಮಿಳಿನಲ್ಲಿ ರಾಯಪ್ಪರ್ ಎಂದು ಹೆಸರು. ರಾಯಪುರಂ ಎಂಬ ಹೆಸರು ಬಂದದ್ದು ಅವನಿಂದಲೇ ಎಂದು ಇಲ್ಲಿಯವರು ಹೇಳುತ್ತಾರೆ.

2016ರಲ್ಲಿ ನನಗೆ ಇಲ್ಲಿಗೆ ವರ್ಗವಾಯಿತು. ಕಚೇರಿ ಬಂದರಿನ ಕಡೆ. ಸಂಬಳಕ್ಕೆ ಹೊಂದುವ ಬಾಡಿಗೆ ಕಾಸಿಮೇಡಿನಲ್ಲಿ. ಹೆಂಡತಿ ಮತ್ತು ಎರಡು ವರ್ಷದ ಮಗಳೊಡನೆ ಒಂದು ಬೀದಿಯ ಕೊನೆಯಲ್ಲಿ ಎರಡು ಕೋಣೆಯ ಮನೆ ಹಿಡಿದೆ.

ನಾನು ಕ್ರೈಸ್ತನೆಂದರೆ ಕನ್ನಡಿಗರು ಕೂಡಲೆ "ಮಂಗಳೂರಿನವರೆ?" ಎಂದು ಕೇಳುತ್ತಾರೆ. ಅಲ್ಲ. ನನ್ನ ಊರು ಕನಕಪುರ ತಾಲ್ಲೂಕಿನ ಹಾರೋಬೆಲೆ. ಹದಿನೇಳನೆಯ ಶತಮಾನದ ನಡುವೆ ಲಿಯೊನಾರ್ದೊ ಚಿನ್ನಮಿ ಎಂಬ ಇಟಲಿಯ ಪಾದ್ರಿಗಳು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡಕ್ಕೊಂದು ವ್ಯಾಕರಣವನ್ನೂ ಬರೆದರು. ಹಳೆಯ ಮೈಸೂರು ಸೀಮೆಯ ಕನ್ನಡ ಕಥೋಲಿಕರು ಆ ಕಾಲದ ಬೆಳೆ. ನಾವು ರಾಗಿ ಬೆಳೆಯುವವರು, ರೇಷ್ಮೆಹುಳು ಸಾಕುವವರು. ತಪಸ್ಸುಕಾಲದಲ್ಲಿ ಕಪಾಲಬೆಟ್ಟ ಹತ್ತುತ್ತೇವೆ. ಯೇಸುವಿನ ಪಾಡನ್ನು 'ಮಹಿಮೆ' ಎಂಬ ಬಯಲಾಟದಲ್ಲಿ ಕನ್ನಡದಲ್ಲೇ ಆಡುತ್ತೇವೆ. ನಮ್ಮ ಮನೆಯಲ್ಲಿ ದೇವರು ಕನ್ನಡ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕಾಣೆ. ಅದೂ ಅಲ್ಲದೆ ನಾನು ಬಿ.ಎ.ಯಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದಿದವನು. ಆ ಹೆಮ್ಮೆಯೂ ಸ್ವಲ್ಪ ತಲೆಯಲ್ಲಿ ಕೂತಿತ್ತೆಂದು ಒಪ್ಪಿಕೊಂಡುಬಿಡುತ್ತೇನೆ.

2022ರಲ್ಲಿ ನಮ್ಮ ತಂದೆ ತೀರಿಕೊಂಡರು. ಊರಿನಲ್ಲಿ ಅಣ್ಣ ಇದ್ದರೂ, "ಸ್ವಲ್ಪ ದಿನ ಮೊಮ್ಮಗಳ ಜೊತೆ ಇರು" ಎಂದು ಅವ್ವನನ್ನು ಕರೆದುಕೊಂಡು ಬಂದೆ. ಮೊದಲ ಭಾನುವಾರವೇ ನನ್ನ ಅಭ್ಯಾಸಕ್ಕೆ ಕುತ್ತು ಬಂತು. ಪ್ರಕಟಣೆಯ ಕಾಗದ ಕಂಡೊಡನೆ ನಾನು ಎದ್ದೆ. ಅವ್ವ ನನ್ನ ಅಂಗಿಯ ಚುಂಗು ಹಿಡಿದು ಕೂರಿಸಿದಳು.

"ಎಲ್ಲಿಗ್ಲಾ ಹೊಂಟೆ?"

"ಪೂಜೆ ಆಯ್ತಲ್ಲವ್ವ. ಇನ್ನು ಬರೀ ಸುದ್ದಿ."

"ಪಂಕ್ತೀಲಿ ಎಲ್ರೂ ಉಣ್ತಿರುವಾಗ ನಿನ್ನ ಹೊಟ್ಟೆ ತುಂಬ್ತು ಅಂತ ಎದ್ದೋಗ್ತೀಯಾ? ಕೂತ್ಕೊ. ಏನು ಹೇಳ್ತಾವ್ರೆ ನನಗೂ ಹೇಳು."

ಅಂದಿನಿಂದ ನನಗೆ ಆ ಹತ್ತು ನಿಮಿಷ ಅವ್ವನ ಕಿವಿಯಲ್ಲಿ ಪ್ರಕಟಣೆಗಳನ್ನು ಕನ್ನಡಿಸುವ ಉದ್ಯೋಗವಾಯಿತು. ಕಚೇರಿಯಲ್ಲಿ ಕಡತಗಳಿಗೆ ಟಿಪ್ಪಣಿ ಬರೆದು ಬೇಸತ್ತವನು ಇಲ್ಲೂ ಟಿಪ್ಪಣಿ ಹೇಳಬೇಕಾಯಿತಲ್ಲ ಎಂದು ಮೊದಮೊದಲು ಕೋಪ ಬರುತ್ತಿತ್ತು. ಆದರೆ ಬೇರೊಬ್ಬರಿಗೆ ಹೇಳಬೇಕಾದರೆ ತಾನು ಮೊದಲು ಕೇಳಬೇಕಷ್ಟೆ? ಕೇಳುತ್ತ ಕೇಳುತ್ತ, ನಾನು ಏಳು ವರ್ಷ ನಡೆದಾಡಿದ ಬೀದಿಯ ವೃತ್ತಾಂತ ನನಗೆ ತಿಳಿಯತೊಡಗಿತು.

ಮದುವೆಯ ಪ್ರಕಟಣೆಯನ್ನು ಇಲ್ಲಿ 'ಓಲೈ' ಎನ್ನುತ್ತಾರೆ. ಹಿಂದೆ ತಾಳೆಯೋಲೆಯಲ್ಲಿ ಬರೆದು ಓದುತ್ತಿದ್ದಿರಬೇಕು. ಮೂರು ಭಾನುವಾರ ಗಂಡು ಹೆಣ್ಣಿನ ಹೆಸರು ಓದಿ, ಅಡ್ಡಿ ಇರುವವರು ತಿಳಿಸಿರಿ ಎನ್ನುತ್ತಾರೆ. ಮೊದಲ ವಾರ ಹೆಂಗಸರ ಸಾಲಿನಲ್ಲಿ ಗುಸುಗುಸು, ಎರಡನೆಯ ವಾರ ನಗು, ಮೂರನೆಯ ವಾರ ಸೀರೆಯ ಮಾತು. ಏಪ್ರಿಲ್ 15ರಿಂದ ಜೂನ್ 14ರವರೆಗೆ ಪೂರ್ವ ಕರಾವಳಿಯಲ್ಲಿ ಮೀನಿನ ಮರಿ ಬೆಳೆಯಲೆಂದು 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಪ್ರಕಟಣೆಯ ಧಾಟಿಯೇ ಬೇರೆ. ನಿಷೇಧದ ಅವಧಿಯ ಪರಿಹಾರಕ್ಕೆ ಯಾವ ಯಾವ ಕಾಗದ ಬೇಕು, ಮಕ್ಕಳ ಶಾಲೆಯ ಶುಲ್ಕಕ್ಕೆ ವಿನ್ಸೆಂಟ್ ದೆ ಪಾಲ್ ಸಭೆಯವರನ್ನು ಯಾವಾಗ ಕಾಣಬೇಕು ಎಂದು ಓದುತ್ತಾರೆ. ಆ ವಾರಗಳಲ್ಲಿ ಕಾಣಿಕೆಯ ಚೀಲ ಹಗುರ. ಜೂನ್ ಬಂತೆಂದರೆ ದೋಣಿಗಳ ಆಶೀರ್ವಾದ, 29ಕ್ಕೆ ರಾಯಪ್ಪರ ಹಬ್ಬ. ಆಗಸ್ಟ್ ಕೊನೆಗೆ ವೇಳಾಂಕಣಿಗೆ ಕಾಲುನಡಿಗೆಯಲ್ಲಿ ಹೋಗುವವರ ಪಟ್ಟಿ. ಡಿಸೆಂಬರ್ 26ಕ್ಕೆ, 2004ರ ಸುನಾಮಿಯಲ್ಲಿ ಹೋದವರಿಗಾಗಿ ಪ್ರಾರ್ಥನೆ. ಆ ದಿನ ಯಾರೂ ಗುಸುಗುಟ್ಟುವುದಿಲ್ಲ.

ಅವ್ವ ಇದನ್ನೆಲ್ಲ ಮನಸ್ಸಿಟ್ಟು ಕೇಳಿ ಮನೆಗೆ ಬಂದು ವಿಚಾರಿಸುತ್ತಿದ್ದಳು. "ಆ ಮೂಲೆ ಮನೆ ಹುಡುಗೀಗೆ ಮೂರ್ನೇ ಓಲೆ ಆಯ್ತೇನೊ?" "ಜ್ವರ ಅಂತ ಹೆಸರು ಓದಿದ್ರಲ್ಲ, ಆ ಯಪ್ಪ ಎದ್ದು ಓಡಾಡ್ತಾನಾ?" ತಮಿಳು ಒಂದಕ್ಷರ ಬಾರದ ನಮ್ಮ ಅವ್ವ ಆರು ತಿಂಗಳಲ್ಲಿ ಬೀದಿಗೆಲ್ಲ 'ಬೆಂಗಳೂರು ಪಾಟ್ಟಿ' ಆದಳು. "ಭಾಷೆ ತಿಳಿಯದೆ ಪೂಜೆ ಹೇಗೆ ಕೇಳ್ತೀಯವ್ವ?" ಎಂದು ಒಮ್ಮೆ ಕೇಳಿದೆ. ಅವಳು ಚಿಕ್ಕವಳಾಗಿದ್ದಾಗ ಪೂಜೆ ಎಲ್ಲ ಕಡೆಯೂ ಲ್ಯಾಟಿನ್ನಿನಲ್ಲಿ. ಎರಡನೆಯ ವ್ಯಾಟಿಕನ್ ಮಹಾಸಭೆಯ ತೀರ್ಮಾನದಂತೆ ಜನರ ಭಾಷೆಗಳಿಗೆ ಎಡೆ ಸಿಕ್ಕಿದ್ದು 1965ರ ಸುಮಾರಿಗೆ. ಅವ್ವ ನಕ್ಕು, "ಆಗ ನನಗೂ ತಿಳೀತಿರ್ಲಿಲ್ಲ, ಈ ಬೀದಿಯೋರಿಗೂ ತಿಳೀತಿರ್ಲಿಲ್ಲ. ಎಲ್ರೂ ಒಂದೇ ಇದ್ವಿ. ಈಗ ಇವರಿಗೆ ತಿಳೀತದೆ, ಅಷ್ಟೇಯ" ಎಂದಳು.

ನಮ್ಮ ಎದುರು ಮನೆಯಲ್ಲಿ ಒಬ್ಬ ಮೀನು ಮಾರುವ ಅಕ್ಕ ಇದ್ದಾಳೆ. ಬೆಳಗಿನ ಜಾವ ಎರಡು ಗಂಟೆಗೆ ಬಂದರಿಗೆ ಹೋಗಿ ಹರಾಜಿನಲ್ಲಿ ಮೀನು ಹಿಡಿದು, ಬುಟ್ಟಿ ಹೊತ್ತು ಮಾರಿ, ಹನ್ನೊಂದಕ್ಕೆ ಮನೆಗೆ ಬರುವವಳು. ಮದುವೆಯಾದ ಹೊಸತರಲ್ಲಿ ಅವಳ ಗಂಡ ಮಂಗಳೂರಿನಲ್ಲಿ ದೋಣಿಯ ಕೆಲಸಕ್ಕೆ ಹೋಗಿದ್ದನಂತೆ. ದಕ್ಕೆಯ ಬಳಿ ಏಳು ವರ್ಷ ಸಂಸಾರ. ಅಲ್ಲಿ ಕಲಿತ ಕನ್ನಡ ಅವಳದು. ತುಳು ಅರ್ಧ, ತಮಿಳು ಕಾಲು, ಉಳಿದದ್ದು ಕನ್ನಡ. 'ಎಂತ ಅಮ್ಮ, ಊಟ ಉಂಟಾ?' ಎಂದು ಅವಳು, 'ಐತೆ ಕಣವ್ವ, ಬಾ' ಎಂದು ಇವಳು. ಅವಳು ಮತ್ತಿ ಮೀನನ್ನು ಬೂತಾಯಿ ಎಂದರೂ, ಕಾನಾಂಗೆಳುತ್ತಿಯನ್ನು ಬಂಗುಡೆ ಎಂದರೂ ಕೆರೆಯ ಮೀನು ಮಾತ್ರ ಕಂಡಿದ್ದ ಅವ್ವನಿಗೆ ಎರಡೂ ಒಂದೇ. ಅವರಿಬ್ಬರ ಸಂಭಾಷಣೆಯನ್ನು ಕೇಳಿ ನಾನು ಹೆಂಡತಿಯೊಡನೆ, "ಕೇಶಿರಾಜ ಇದನ್ನು ಕೇಳಿದ್ದರೆ ಶಬ್ದಮಣಿದರ್ಪಣವನ್ನು ಸಮುದ್ರಕ್ಕೆ ಎಸೆಯುತ್ತಿದ್ದ" ಎಂದು ಹಾಸ್ಯ ಮಾಡುತ್ತಿದ್ದೆ.

ಇಷ್ಟಾದರೂ ನಾನು ಧರ್ಮಕೇಂದ್ರದ ದಫ್ತರಿನಲ್ಲಿ ನಮ್ಮ ಸಂಸಾರದ ಹೆಸರನ್ನು ಬರೆಸಿರಲಿಲ್ಲ. ಅವ್ವ ಎಷ್ಟೋ ಬಾರಿ ಹೇಳಿದಳು. "ಇಂದೋ ನಾಳೆಯೋ ವರ್ಗವಾಗುತ್ತದೆ, ಯಾಕೆ ಬಿಡು" ಎನ್ನುತ್ತಿದ್ದೆ. ಸರ್ಕಾರಿ ನೌಕರನ ಈ 'ಇಂದೋ ನಾಳೆಯೋ' ಎಂಟು ವರ್ಷವಾದರೂ ಮುಗಿಯುವುದಿಲ್ಲ ಎಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು.

2023ರ ನವೆಂಬರ್ ಕೊನೆಯಲ್ಲಿ ಅವ್ವನಿಗೆ ಕೆಮ್ಮು, ಜ್ವರ ಹಿಡಿಯಿತು. ಡಿಸೆಂಬರ್ 3ರಂದು ಆಗಮನ ಕಾಲದ ಮೊದಲ ಭಾನುವಾರ. 'ಮಿಚಾಂಗ್' ಚಂಡಮಾರುತ ಬರುತ್ತಿದೆಯೆಂದು ದೋಣಿಗಳೆಲ್ಲ ಬಂದರಿನಲ್ಲಿ ಕಟ್ಟಿಬಿದ್ದಿದ್ದವು. ಅಂದು ರಾತ್ರಿಯಿಂದ ಮಳೆ ಹೇಗೆ ಹೊಡೆಯಿತೆಂಬುದು ಚೆನ್ನೈಯಲ್ಲಿದ್ದವರಿಗೆ ಗೊತ್ತು. ಸೋಮವಾರ ನಮ್ಮ ಬೀದಿಯಲ್ಲಿ ಮೊಣಕಾಲು ಮುಳುಗುವ ನೀರು. ದೀಪವಿಲ್ಲ, ಫೋನಿಗೆ ಜೀವವಿಲ್ಲ, ಬಸ್ಸು ರೈಲುಗಳಿಲ್ಲ. ಅವ್ವನ ಉಸಿರು ಮಧ್ಯಾಹ್ನದ ಹೊತ್ತಿಗೆ ಹೆಚ್ಚಾಗಿ ಎದೆ ತಿದಿಯಂತೆ ಏರಿಳಿಯತೊಡಗಿತು. ಸಂಜೆ ಅವಳು ನನ್ನ ಕೈ ಹಿಡಿದು, "ಮಗ, ಸ್ವಾಮಿಗಳನ್ನ ಕರ್ಸು. ಪಾಪ ಹೇಳ್ಕೋಬೇಕು" ಎಂದಳು.

ಆ ಮಾತಿನಿಂದ ನನ್ನ ಕೈಕಾಲು ತಣ್ಣಗಾಯಿತು. ಸಾವಿನ ಭಯ ಒಂದು; ಇನ್ನೊಂದು, ನಮ್ಮ ಗುರುಗಳಿಗೆ ಕನ್ನಡ ಬಾರದು. ಅವ್ವನಿಗೆ ತಮಿಳು ಬಾರದು. ಊರಿಗೆ ಹೋದಾಗ ವರ್ಷಕ್ಕೆರಡು ಸಲ ಪಾಪನಿವೇದನೆ ಮಾಡಿಕೊಂಡು ಬರುತ್ತಿದ್ದವಳು ಈ ಬಾರಿ ಊರಿಗೆ ಹೋಗಿರಲಿಲ್ಲ. "ಕ್ರಿಸ್ಮಸ್ಸಿಗೆ ಒಟ್ಟಿಗೆ ಹೋಗೋಣ, ರಜ ಉಳಿಯುತ್ತದೆ" ಎಂದು ತಡೆದವನು ನಾನೇ.

ಎದುರು ಮನೆಯ ಅಕ್ಕನ ಮಗ ನೀರಿನಲ್ಲಿ ಹೋಗಿ ಗುರುಗಳನ್ನು ಕರೆತಂದ. ಅವರು ಪಂಚೆಯನ್ನು ಮೊಣಕಾಲಿನ ಮೇಲೆ ಕಟ್ಟಿ, ಪರಮಪ್ರಸಾದದ ಕರಡಿಗೆಯನ್ನೂ ಎಣ್ಣೆಯ ಬುಡ್ಡಿಯನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗವಚಿಕೊಂಡು ಬಂದರು. ಅವರು 'ಪಾವಸಂಗೀರ್ತನಂ' ಎಂದೊಡನೆ ಅವ್ವ ತಲೆಯಾಡಿಸಿದಳು. ನಮ್ಮ ಕಡೆಯ ಮುದುಕರೂ ಪಾಪಸಂಕೀರ್ತನೆ ಎಂದೇ ಅನ್ನುವುದು. ಆ ಒಂದು ಪದ ಮಾತ್ರ ಇಬ್ಬರಿಗೂ ಸಮವಾಗಿತ್ತು. ಗುರುಗಳು ನನಗೆ ಸಮಾಧಾನವಾಗಿ ಹೇಳಿದರು: ಬಾಯಲ್ಲಿ ಹೇಳಲಾಗದ ರೋಗಿಗೆ ಪಶ್ಚಾತ್ತಾಪದ ಸನ್ನೆಯೇ ಸಾಕು, ಕ್ಷಮೆ ಕೊಡಬಹುದು. ಹೇಳಲೇಬೇಕೆಂದರೆ ದುಭಾಷಿಯ ಮೂಲಕ ಹೇಳಬಹುದು, ಧರ್ಮಸಭೆಯ ಕಾನೂನು ಅದಕ್ಕೆ ಅಡ್ಡಿ ಮಾಡುವುದಿಲ್ಲ. ಆದರೆ ಗುರುವಿನ ಬಾಯಿಗೆ ಹೇಗೆ ಮುದ್ರೆಯೋ ಹಾಗೆಯೇ ದುಭಾಷಿಯೂ ಗುಟ್ಟನ್ನು ಕಾಯಬೇಕು.

ನಾನು ಅವ್ವನಿಗೆ ಹೇಳಿದೆ. ಸನ್ನೆಯ ಮಾತು ಅವಳಿಗೆ ಹಿಡಿಸಲಿಲ್ಲ. "ಬಾಯಿ ಇನ್ನೂ ಬಿದ್ದೋಗಿಲ್ಲ ನಂದು" ಎಂದಳು. ಹಾಗಾದರೆ ನಾನು ದುಭಾಷಿಯಾಗಲೆ ಎಂದು ಕೇಳಿದೆ. ಅವಳು ಮುಖವನ್ನು ಗೋಡೆಗೆ ತಿರುಗಿಸಿದಳು.

"ಹೆತ್ತ ಮಗನ ಮುಂದೆ ಹೇಳೋ ಮಾತೇನ್ಲಾ ಅದು?"

ಸೊಸೆಯ ಮುಂದೆ ಹೇಳುವ ಪ್ರಶ್ನೆಯೇ ಇಲ್ಲ. ಆ ಪಟ್ಟಿಯಲ್ಲಿ ಸೊಸೆಯ ಹೆಸರೂ ಒಂದೆರಡು ಕಡೆ ಬರುತ್ತಿತ್ತೋ ಏನೋ. ಬಿ.ಎ. ಓದಿದ ಮಗ, ಬಿ.ಕಾಂ. ಓದಿದ ಸೊಸೆ, ಮೂವರಿಗೂ ಬೇಕಾದಷ್ಟು ಕನ್ನಡ. ಆದರೂ ಅವ್ವ ಹೇಳಬೇಕಾದ ಮಾತಿಗೆ ಮನೆಯಲ್ಲಿ ದಾರಿ ಇರಲಿಲ್ಲ. ಗುರುಗಳು ಕಾಯುತ್ತ ಕೂತರು. ಮೇಣದ ಬತ್ತಿ ಕರಗುತ್ತಿತ್ತು. ಆಗ ಬಾಗಿಲಲ್ಲಿ ಇನ್ನೊಂದು ಬತ್ತಿ ಹಿಡಿದುಕೊಂಡು ಎದುರು ಮನೆಯ ಅಕ್ಕ ಬಂದಳು. ಅವ್ವ ಅವಳನ್ನು ಕಂಡು ಕೈ ಚಾಚಿದಳು.

"ಇವಳ ಕೈಲಿ ಹೇಳ್ತೀನಿ" ಎಂದಳು.

ನಾವೆಲ್ಲ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆವು. ಒಳಗಿನಿಂದ ಮೂರು ದನಿಗಳು. ಒಂದು ಏದುಸಿರಿನದು, ಒಂದು ಗುರುಗಳದು, ನಡುವೆ, ಬಂದರಿನಲ್ಲಿ ಹರಾಜು ಕೂಗಿ ಒಡೆದುಹೋದ ಅಕ್ಕನ ದನಿ, ನಾನು ಎಂದೂ ಕೇಳಿರದಷ್ಟು ಮೆತ್ತಗೆ. ಮಳೆಯ ಸದ್ದಿನಲ್ಲಿ ಮಾತು ತಿಳಿಯುತ್ತಿರಲಿಲ್ಲ; ತಿಳಿಯಬಾರದೆಂದು ನಾನೂ ದೂರ ನಿಂತೆ. ಸುಮಾರು ಇಪ್ಪತ್ತು ನಿಮಿಷವಾದ ಮೇಲೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಬಂದು, "ಆಯ್ತು ತಂಬಿ. ಅಮ್ಮನಿಗೆ ಸ್ವಲ್ಪ ಗಂಜಿ ಉಂಟಾ?" ಎಂದಳು. ಗುರುಗಳು ಅವ್ವನ ಹಣೆಗೂ ಅಂಗೈಗೂ ಎಣ್ಣೆ ಹಚ್ಚಿ ಪ್ರಾರ್ಥಿಸಿದರು.

ಬೆಳಗಾದಾಗ ಮಳೆ ನಿಂತಿತ್ತು, ನೀರು ಇಳಿದಿರಲಿಲ್ಲ. ಬೀದಿಯ ಹುಡುಗರು ಮೀನು ಸಾಗಿಸುವ ಮೂರು ಚಕ್ರದ ಗಾಡಿಯನ್ನು ತೊಳೆದು, ಹಾಸಿಗೆ ಹಾಕಿ, ಮೇಲೆ ತಾಡಪಾಲು ಹಿಡಿದು ಅವ್ವನನ್ನು ಆಸ್ಪತ್ರೆಗೆ ತಳ್ಳಿಕೊಂಡು ಹೋದರು. ಎಂಟು ದಿನಕ್ಕೆ ಅವಳು ಮನೆಗೆ ಬಂದಳು. "ವಂಜರಂ ಮೀನಿನಂಗೆ ಮೆರವಣಿಗೇಲಿ ಹೋದೆ ಕಣ್ಲಾ" ಎಂದು ಹೇಳಿಕೊಂಡು ನಕ್ಕಳು.

ಡಿಸೆಂಬರ್ 10ರ ಭಾನುವಾರ ನಾನು ಒಬ್ಬನೇ ಪೂಜೆಗೆ ಹೋದೆ. ಪ್ರಕಟಣೆಯ ಕಾಗದ ಉದ್ದವಾಗಿತ್ತು: ನೀರು ನುಗ್ಗಿದ ಮನೆಗಳಿಗೆ ಅಕ್ಕಿ, ಚಾಪೆ, ಎಣ್ಣೂರು ಅಳಿವೆಯಲ್ಲಿ ಎಣ್ಣೆ ಹರಡಿ ಬಲೆ ಹಾಳಾದವರಿಗೆ ನೆರವು. ಅದರ ಮಧ್ಯೆ, "ಆರೋಪೆಲೆಯಿಂದ ಬಂದ ನಮ್ಮ ಬೆಂಗಳೂರು ಪಾಟ್ಟಿ ಆಸ್ಪತ್ರೆಯಲ್ಲಿದ್ದಾರೆ, ಅವರಿಗಾಗಿ ಬೇಡಿಕೊಳ್ಳೋಣ" ಎಂದು ಓದಿದರು. ಹಾರೋಬೆಲೆಯ 'ಹಾ'ವೂ ಹೋಗಿತ್ತು, 'ಬೆ'ಯೂ ಹೋಗಿತ್ತು. ಬೇರೆ ಸಮಯದಲ್ಲಾದರೆ ನನ್ನ ಐಚ್ಛಿಕ ಕನ್ನಡ ಕೆರಳುತ್ತಿತ್ತು. ಅಂದು ಸುಮ್ಮನೆ ಮಂಡಿಯೂರಿದೆ. ಮುನ್ನೂರು ಜನ ನನ್ನ ಊರಿನ ಹೆಸರನ್ನು ತಪ್ಪಾಗಿ ಕೇಳಿಸಿಕೊಂಡು ನನ್ನ ಅವ್ವನಿಗಾಗಿ ತಲೆ ಬಾಗಿಸಿದ್ದರು. ಪೂಜೆ ಮುಗಿದೊಡನೆ ಧರ್ಮಕೇಂದ್ರದ ಕಚೇರಿಗೆ ಹೋಗಿ ದಫ್ತರಿನಲ್ಲಿ ನಮ್ಮ ಸಂಸಾರದ ಹೆಸರು ಬರೆಸಿದೆ. ಅಲ್ಲಿದ್ದವರು ನನ್ನ ಉದ್ಯೋಗವನ್ನು ಕೇಳಿ, "ಗುಮಾಸ್ತರೆ? ಹಾಗಾದರೆ ಶನಿವಾರ ಸಂಜೆ ಬನ್ನಿ, ಅರ್ಜಿ ಬರೆಯುವವರು ಬೇಕು" ಎಂದರು. ಅಂದಿನಿಂದ ಶನಿವಾರ ಸಂಜೆಯ ನನ್ನ ಕೈ ಬರಹ ಆ ಬೀದಿಗಳದಾಗಿದೆ. ಬ್ಯಾಂಕು, ಪಾಸ್ ಪೋರ್ಟು, ವಿದ್ಯಾರ್ಥಿವೇತನ — ಸರ್ಕಾರದ ಬಾಗಿಲಿನ ಒಳಗಡೆ ಕೂತಾಗ ಕಾಣದ ಎಷ್ಟೋ ಸಂಗತಿಗಳು ಹೊರಗಡೆ ಕೂತಾಗ ಕಾಣುತ್ತವೆ.

ಅವ್ವ ಅಂದು ಏನು ಹೇಳಿಕೊಂಡಳು? ಕೇಳಬಾರದ ಪ್ರಶ್ನೆ, ಆದರೂ ಮನುಷ್ಯನ ಬುದ್ಧಿ. ಒಂದು ದಿನ ಅಕ್ಕನನ್ನು ಬಳಸು ಮಾತಿನಲ್ಲಿ, "ನಮ್ಮ ಮೇಲೇನಾದರೂ ಕೊರಗಿತ್ತೆ ಅವ್ವನಿಗೆ?" ಎಂದು ಕೇಳಿದೆ. ಅವಳು ಮೀನಿನ ಹುರುಪೆ ಕೆರೆಯುತ್ತಿದ್ದವಳು ತಲೆಯೆತ್ತದೆ, "ನನಗೆ ಕನ್ನಡ ಅಷ್ಟು ಬರುವುದಿಲ್ಲ ಅಲ್ಲವಾ ತಂಬಿ. ಎಂತದೂ ನೆನಪಿಲ್ಲ" ಎಂದಳು. ನನ್ನ ಹಾಸ್ಯ ಅವಳ ಕಿವಿಗೂ ಬಿದ್ದಿತ್ತೆಂದು ಆಗ ತಿಳಿಯಿತು. ಒಂದು ಬಲೆ ಹರಿದರೆ ಹತ್ತು ಮನೆಗೆ ಸುದ್ದಿಯಾಗುವ ಬೀದಿಯಲ್ಲಿ ಆ ಇಪ್ಪತ್ತು ನಿಮಿಷದ ಸುದ್ದಿ ಇಂದಿಗೂ ಹೊರಬಿದ್ದಿಲ್ಲ.

2024ರ ಮೇ ತಿಂಗಳಲ್ಲಿ ಅವ್ವ ಒಂದು ರಾತ್ರಿ ನಿದ್ದೆಯಲ್ಲೇ ಹೋದಳು. ಊರಿನಲ್ಲಿ ತಂದೆಯ ಪಕ್ಕದಲ್ಲಿ ಮಣ್ಣಾಗಬೇಕೆಂಬುದು ಅವಳ ಆಸೆ. ಸುಮಾರು 400 ಕಿಲೋಮೀಟರ್ ದಾರಿ. ನಾನು ಆಂಬ್ಯುಲೆನ್ಸಿಗೆ ಏರ್ಪಾಡು ಮಾಡುವಷ್ಟರಲ್ಲಿ ಬೀದಿಯವರು ಒಂದು ವ್ಯಾನು ಗೊತ್ತು ಮಾಡಿದ್ದರು. ನಿಷೇಧದ ಕಾಲ; ದೋಣಿಗಳೆಲ್ಲ ದಡದಲ್ಲಿ, ಗಂಡಸರೆಲ್ಲ ಮನೆಯಲ್ಲಿ. ಕೈಯಲ್ಲಿ ಕಾಸಿಲ್ಲದ ತಿಂಗಳಿನಲ್ಲಿ ಅವರು ಚಂದಾ ಎತ್ತಿ ಹದಿನಾಲ್ಕು ಜನ ಹೊರಟು ಬಂದರು. ಅಕ್ಕ ಆಂಬ್ಯುಲೆನ್ಸಿನಲ್ಲಿ ನಮ್ಮೊಡನೆ ಕೂತು ದಾರಿಯುದ್ದಕ್ಕೂ ಜಪಸರ ಹಿಡಿದಿದ್ದಳು.

ಹಾರೋಬೆಲೆಯವರು ಅವರನ್ನು ಕಂಡು ಬೆರಗಾದರು. ಕಡಲಿನವರು ಕಪಾಲಬೆಟ್ಟವನ್ನು ಕಂಡು ಬೆರಗಾದರು. ಹೆಗಲು ಕೊಡುವಾಗ ನನ್ನ ಅಣ್ಣನ ಎದುರು ಹೆಗಲು ದೋಣಿಯ ಚಾಲಕನೊಬ್ಬನದು. ಪೂಜೆಯ ಕೊನೆಯಲ್ಲಿ ನಮ್ಮೂರ ಗುರುಗಳು ಕಾಗದ ಹಿಡಿದು ಓದಿದರು: ಮುಂದಿನ ವಾರ ಸಮಾಧಿಭೂಮಿಯ ಕಳೆ ಕೀಳಲು ಮನೆಗೊಬ್ಬರು ಬರಬೇಕು, ಒಂದು ಮದುವೆಯ ಎರಡನೆಯ ಪ್ರಕಟಣೆ, ಮಕ್ಕಳ ಧರ್ಮೋಪದೇಶದ ತರಗತಿ. ಕಾಸಿಮೇಡಿನ ಸಾಲಿನಲ್ಲಿ ಅಕ್ಕ ತನ್ನವರಿಗೆ ಮೆಲ್ಲನೆ ತಮಿಳಿನಲ್ಲಿ ಹೇಳುತ್ತಿದ್ದಳು. ಅವರು ತಲೆಯಾಡಿಸುತ್ತಿದ್ದರು, ತಮಗೆಲ್ಲ ಗೊತ್ತಿರುವ ಸುದ್ದಿಯೇ ಎಂಬಂತೆ. ಕಡೆಗೆ ಗುರುಗಳು, "ಕಾಶಿಮೇಡಿನಿಂದ ಬಂದಿರುವ ನಮ್ಮ ಬಂಧುಗಳಿಗೆ ವಂದನೆಗಳು" ಎಂದರು. ಕಾಸಿಮೇಡು ಕಾಶಿಯಾಗಿತ್ತು. ನಾನು ಅಕ್ಕನ ಕಡೆ ನೋಡಿದೆ. ಅವಳು ಅದನ್ನು ತನ್ನವರಿಗೆ ಸರಿಪಡಿಸಿ ಹೇಳಿದಳೋ ಹಾಗೆಯೇ ಹೇಳಿದಳೋ ತಿಳಿಯದು. ಹದಿನಾಲ್ಕು ಜನರೂ ಎದ್ದು ನಿಂತು ಕೈ ಮುಗಿದರು.

2025ರ ಮೇ ತಿಂಗಳಲ್ಲಿ ಅವ್ವನ ವರ್ಷದ ಪೂಜೆಯನ್ನು ಕಾಸಿಮೇಡಿನಲ್ಲಿ ಹೇಳಿಸಿದೆ. ಪ್ರಕಟಣೆ ಬರೆದುಕೊಳ್ಳುವ ಕೋವಿಲ್ ಪಿಳ್ಳೈ ಪುಸ್ತಕ ಹಿಡಿದು, "ಪಾಟ್ಟಿಯ ಊರಿನ ಹೆಸರನ್ನು ಸರಿಯಾಗಿ ಹೇಗೆ ಬರೆಯುವುದು ಸಾರ್?" ಎಂದು ಕೇಳಿದ. ನಾನು ಪೆನ್ನು ತೆಗೆದುಕೊಂಡು ತಮಿಳಿನಲ್ಲಿ 'ಆರೋಪೆಲೆ' ಎಂದೇ ಬರೆದುಕೊಟ್ಟೆ. ಆ ಬೀದಿಯಲ್ಲಿ ಅವಳ ಊರಿನ ಹೆಸರು ಅದೇ.